ಲಾಂಡ್ರಿ ಅಂಗಡಿಯಲ್ಲಿ ಬಂದ ಮಾತು

(ಧಾರವಾಡದಲ್ಲಿ ನಮ್ಮ ಕೇಳುಗರ ಬಳಗದ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಹಾಡು ಕೇಳಿಸಿದ ಜಾಗಗಳನ್ನು ಕಂಸದಲ್ಲಿ ಗುರುತಿಸಿದೆ.)

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತವರು ದಯವಿಟ್ಟು ಮುಂದೆ ಬನ್ನಿ. ಇಲ್ಲಿ ನಾಲ್ಕೈದು ಕುರ್ಚಿ ಖಾಲಿ ಇವೆ. ಇವತ್ತಿನ ಹಾಡುಗಳನ್ನು ದೂರ ನಿಂತು ಕೇಳಿದರೆ ಅರ್ಧವೇ ಸಿಗುತ್ತದೆ.

ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಬಗ್ಗೆ ಮಾತಾಡಿ ಅಂತ ಬಳಗದವರು ಹೇಳಿದರು. ಆಕೆಯ ಬದುಕು ದೊಡ್ಡದು. ಎಲ್ಲಾ ಹೇಳಲು ಹೊರಟರೆ ಬೆಳಗಾಗುತ್ತದೆ. ‘ರೆಸ್ಪೆಕ್ಟ್’ ಹಾಡನ್ನು ಈ ಹಾಲ್‌ನಲ್ಲಿ ಕೇಳದವರು ಯಾರಿದ್ದೀರಿ? ಅದಕ್ಕೇ ನಾನು ಎರಡೇ ಎರಡು ರಾತ್ರಿಗಳ ಬಗ್ಗೆ ಮಾತಾಡುತ್ತೇನೆ. 1972ರ ಜನವರಿ 13 ಮತ್ತು 14. ಊರು ಲಾಸ್ ಏಂಜಲೀಸ್. ಜಾಗ, ವಾಟ್ಸ್ ಕಡೆಯ ಒಂದು ಚರ್ಚ್. ಅದರ ಹೆಸರು ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚ್. ಅಲ್ಲಿ ಹಾಡಿದ್ದು ‘ಅಮೇಜಿಂಗ್ ಗ್ರೇಸ್’, ಅಂದರೆ ‘ಅದ್ಭುತ ಕೃಪೆ’, ಅನ್ನುವ ಜೋಡಿ ರೆಕಾರ್ಡ್ ಆಗಿ ಅದೇ ವರ್ಷ ಜೂನ್‌ನಲ್ಲಿ ಹೊರಬಂತು. ಆಗ ಅರೀಥಾಗೆ 29 ವರ್ಷ. ಸೋಲ್ ಸಂಗೀತ ಅಂದರೆ ಅಮೆರಿಕದ ಕಪ್ಪು ಜನರ ಜನಪ್ರಿಯ ಹಾಡು, ಚರ್ಚಿನದ್ದಲ್ಲ. ಅದರ ರಾಣಿ ಅಂತ ಲೋಕವೆಲ್ಲ ಆಕೆಯನ್ನು ಕರೆಯುತ್ತಿದ್ದ ಕಾಲ.

ಇದನ್ನೇ ಯಾಕೆ ಆರಿಸಿಕೊಂಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ನನಗೆ ಒಬ್ಬ ಹುಡುಗಿ ಗೊತ್ತು. ಇನ್ನೂ ಕಾಲೇಜು ಓದುತ್ತಿದ್ದಾಳೆ. ಭಾನುವಾರ ಚರ್ಚಿನಲ್ಲಿ ಕೀರ್ತನೆ ಹಾಡುತ್ತಾಳೆ. ಗಣಪತಿ ಹಬ್ಬ, ಮದುವೆ ಆರತಕ್ಷತೆ ಬಂದರೆ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡುತ್ತಾಳೆ. ಅದರಿಂದ ಬಂದ ದುಡ್ಡಿನಲ್ಲಿ ಫೀಸು ಕಟ್ಟುತ್ತಾಳೆ. ಹೋದ ಕ್ರಿಸ್ಮಸ್‌ಗೆ ಮುಂಚೆ ಅವಳ ಚರ್ಚಿನ ಹಿರಿಯರು ಕರೆದು ಹೇಳಿದರಂತೆ. ಒಂದೋ ಅದು, ಇಲ್ಲಾ ಇದು. ಸ್ಟೇಜಿನ ಮೇಲೆ ಆ ಹಾಡು ಹಾಡಿದ ಬಾಯಿಂದ ಇಲ್ಲಿ ದೇವರ ಹಾಡು ಬೇಡ. ಅವಳು ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಮೂವತ್ತು ವರ್ಷದಿಂದ ಕಾಯರ್‌ನಲ್ಲಿ, ಅಂದರೆ ಚರ್ಚಿನ ಹಾಡುವ ತಂಡದಲ್ಲಿ, ಹಾಡುತ್ತಿದ್ದೇನೆ. ಆದರೂ ಅವತ್ತು ನನ್ನ ಬಾಯಿಗೆ ಬಂದಿದ್ದು ಒಂದೇ ಮಾತು: ‘ಗಂಟಲು ಒಂದೇ ಅಲ್ವಾ?’ ಅಷ್ಟೇ. ಅವತ್ತು ಹೇಳಲಾಗದೆ ಉಳಿದದ್ದನ್ನು ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಈಗ ನನಗೆ ತುಂಬಾ ಇಷ್ಟವಾದ ಕಥೆ. ಇದು ಆ ರೆಕಾರ್ಡಿನಲ್ಲೇ ಇದೆ. ಅರೀಥಾ ಅವರ ತಂದೆಯೇ ಹೇಳುತ್ತಾರೆ.

ತಂದೆ ಸಿ. ಎಲ್. ಫ್ರಾಂಕ್ಲಿನ್ ಡೆಟ್ರಾಯಿಟ್‌ನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಸುಮ್ನೆ ಪಾದ್ರಿ ಅಂದರೆ ಸಾಲದು. ಅವರ ಪ್ರಸಂಗಗಳು, ಅಂದರೆ ಚರ್ಚಿನ ಉಪದೇಶಗಳು, ರೆಕಾರ್ಡ್ ಆಗಿ ಅಮೆರಿಕದ ಕಪ್ಪು ಜನರ ಮನೆಮನೆಯಲ್ಲಿ ಕೇಳಿಸುತ್ತಿದ್ದವು. ಮಾತಾಡುತ್ತಾ ಮಾತಾಡುತ್ತಾ ಅವರ ಮಾತು ರಾಗಕ್ಕೆ ಏರುತ್ತಿತ್ತು. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುತ್ತಿರಲಿಲ್ಲ. 1963ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ದೊಡ್ಡ ನಡಿಗೆ ನಡೆಸಿದವರಲ್ಲಿ ಇವರೂ ಒಬ್ಬರು. ಅಂಥ ಮನುಷ್ಯ.

ಎರಡನೇ ರಾತ್ರಿ ಮಗಳ ಹಾಡು ಕೇಳಲು ಅವರು ಡೆಟ್ರಾಯಿಟ್‌ನಿಂದ ಬಂದಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದರು. ನಡುವೆ ಅವರನ್ನು ಮಾತಾಡಲು ಕರೆದರು. ಅವರು ಎದ್ದು ನಿಂತು ಶುರುಮಾಡಿದ್ದು ಎಲ್ಲಿಂದ ಗೊತ್ತಾ? ಲಾಂಡ್ರಿಯಿಂದ! ಬಟ್ಟೆ ತರಲು ಲಾಂಡ್ರಿ ಅಂಗಡಿಗೆ ಹೋಗಿದ್ದರಂತೆ. ಅಲ್ಲಿ ಒಬ್ಬ ಹೆಂಗಸು ಇವರ ಗುರುತು ಹಿಡಿದಳು. ನಿಮ್ಮ ಮಗಳನ್ನು ಟಿವಿಯಲ್ಲಿ ನೋಡಿದೆ ಅಂದಳು. ಹೇಗಿತ್ತಮ್ಮ ಅಂತ ಇವರು ಕೇಳಿದರು. ಚೆನ್ನಾಗೇನೋ ಇತ್ತು, ಆದರೆ ಅವಳು ಚರ್ಚಿಗೆ ವಾಪಸ್ ಬಂದರೆ ನನಗೆ ಖುಷಿ ಅಂದಳು.

ಆ ಹೆಂಗಸನ್ನು ನಾನು ಎಷ್ಟೋ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ಕೆಟ್ಟವಳಲ್ಲ. ಪ್ರೀತಿಯಿಂದಲೇ ಹೇಳಿದ್ದು. ಇಂಥವರು ನಮ್ಮ ಎಲ್ಲ ಓಣಿಗಳಲ್ಲೂ ಇದ್ದಾರೆ. ‘ಹುಡುಗಿ ಏನ್ ಛಲೋ ಹಾಡ್ತಾಳ್ರೀ, ಆದ್ರ...’ ಅನ್ನುತ್ತಾರೆ. ಆ ‘ಆದ್ರ’ ಬಂದ ಮೇಲೆ ಮೊದಲು ಹೇಳಿದ ‘ಛಲೋ’ಗೆ ಬೆಲೆ ಉಳಿಯುವುದಿಲ್ಲ.

ಪಾದ್ರಿ ಅವಳಿಗೆ ಏನು ಉತ್ತರ ಕೊಟ್ಟರು? ಅರೀಥಾ ಚರ್ಚನ್ನು ಬಿಟ್ಟು ಹೋಗಿಯೇ ಇಲ್ಲ ಅಂದರು. ಈ ಮಾತು ಬಂದ ಕೂಡಲೇ ಇಡೀ ಸಭೆ ಕೂಗುತ್ತದೆ ನೋಡಿ, ಅದನ್ನು ರೆಕಾರ್ಡಿನಲ್ಲೇ ಕೇಳಬೇಕು. ಕಿವಿ ಇದ್ದರೆ, ಎದೆಗೆ ತಟ್ಟುವ ಶಕ್ತಿ ಇದ್ದರೆ ನಿಮಗೇ ಗೊತ್ತಾಗುತ್ತದೆ, ಅವಳು ಇವತ್ತಿಗೂ ಗಾಸ್ಪೆಲ್ ಹಾಡುಗಾರ್ತಿಯೇ ಅಂತ ಮುಂದುವರಿಸುತ್ತಾರೆ. ಗಾಸ್ಪೆಲ್ ಅಂದರೆ ಕಪ್ಪು ಜನರ ಚರ್ಚ್‌ಗಳ ಭಕ್ತಿಸಂಗೀತ. ಆಮೇಲೆ ನೆನಪಿಗೆ ಹೋಗುತ್ತಾರೆ. ಮಗಳು ಆರೇಳು ವರ್ಷದವಳಾಗಿದ್ದಾಗ ಮನೆಯ ಪಡಸಾಲೆಯಲ್ಲಿ ಹಾಡುತ್ತಿದ್ದದ್ದು, ಜೇಮ್ಸ್ ಕ್ಲೀವ್‌ಲ್ಯಾಂಡ್ ಅವರ ಚರ್ಚಿನ ಕಾಯರ್‌ಗೆ ಕಲಿಸಲು ಬಂದಾಗ ಇಬ್ಬರೂ ಗಂಟೆಗಟ್ಟಲೆ ಹಾಡುತ್ತಾ ಕೂರುತ್ತಿದ್ದದ್ದು.

ಆ ಜೇಮ್ಸ್ ಕ್ಲೀವ್‌ಲ್ಯಾಂಡ್ ಅವರೇ ಈ ಎರಡು ರಾತ್ರಿಗಳನ್ನು ನಡೆಸಿಕೊಟ್ಟವರು. ಷಿಕಾಗೋದವರು. ಅಷ್ಟು ಹೊತ್ತಿಗೆ ಅವರೂ ಪಾದ್ರಿ, ಗಾಸ್ಪೆಲ್ ಸಂಗೀತದ ದೊಡ್ಡ ಗುರು. ಹಿಂದೆ ನಿಂತು ಹಾಡುವವರು ಅವರದೇ ಸದರ್ನ್ ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಯರ್. ಕಾಯರನ್ನು ಕೈಬೀಸಿ ಕುಣಿಸುವವರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಶುರುವಿನಲ್ಲೇ ಕ್ಲೀವ್‌ಲ್ಯಾಂಡ್ ಜನರಿಗೆ ತಿಳಿಸಿ ಹೇಳುತ್ತಾರೆ: ರೆಕಾರ್ಡಿಂಗ್ ನಡೆಯುತ್ತಿದೆ ನಿಜ, ಆದರೆ ಇದು ಚರ್ಚ್, ನಾವು ಸೇರಿರುವುದು ಆರಾಧನೆಗೆ.

ಇನ್ನೊಂದು ವಿಷಯ ಹೇಳಲೇಬೇಕು. ಆ ಚರ್ಚಿನ ಕಟ್ಟಡ ಮೊದಲು ಏನಾಗಿತ್ತು? ಸಿನಿಮಾ ಟಾಕೀಸು! ಒಂದು ಕಾಲಕ್ಕೆ ಜನ ಟಿಕೆಟ್ ತಗೊಂಡು ಒಳಗೆ ಹೋಗಿ ಸಿನಿಮಾ ನೋಡುತ್ತಿದ್ದ ಜಾಗ. ಈಗ ಅಲ್ಲಿ ಯೇಸು ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನ ತಗೊಳ್ಳುವ ದೊಡ್ಡ ಚಿತ್ರ ಇದೆ. ಅದರ ಕೆಳಗೆ ನಿಂತು ಅರೀಥಾ ಹಾಡುತ್ತಾರೆ. ಟಾಕೀಸು ಚರ್ಚ್ ಆಗಬಹುದಾದರೆ ಸಿನಿಮಾ ಹಾಡಿದ ಗಂಟಲು ಕೀರ್ತನೆ ಹಾಡಬಾರದಾ? ನಮ್ಮ ಹಿರಿಯರಿಗೆ ನಾನು ಕೇಳುವ ಪ್ರಶ್ನೆ ಇದು. ಜಗಳಕ್ಕೆ ಕೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ.

ಈ ಜಗಳ ಅಮೆರಿಕದ ಕಪ್ಪು ಚರ್ಚ್‌ಗಳಲ್ಲಿ ಬಹಳ ಹಳೆಯದು. ಸಿಸ್ಟರ್ ರೊಸೆಟ್ಟಾ ಥಾರ್ಪ್ 1938ರಲ್ಲಿ ಗಿಟಾರ್ ಹಿಡಿದು ನೈಟ್ ಕ್ಲಬ್‌ನಲ್ಲಿ ಗಾಸ್ಪೆಲ್ ಹಾಡಿದಾಗ ಚರ್ಚಿನವರು ಮುನಿಸಿಕೊಂಡರು. ಸ್ಯಾಮ್ ಕುಕ್ ಗೊತ್ತಲ್ಲ, ಸೋಲ್ ಸ್ಟರರ್ಸ್ ಅನ್ನುವ ಗಾಸ್ಪೆಲ್ ತಂಡದ ಮುಖ್ಯ ಗಾಯಕ. 1957ರಲ್ಲಿ ಪ್ರೇಮಗೀತೆ ಹಾಡಲು ಹೊರಟಾಗ ಹಳೆಯ ಅಭಿಮಾನಿಗಳು ಎಷ್ಟೋ ಜನ ದೂರವಾದರು. ಇನ್ನೊಂದು ಕಡೆ ಗಾಸ್ಪೆಲ್ ಹಾಡುಗಾರ್ತಿ ಮಹಾಲಿಯಾ ಜಾಕ್ಸನ್. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಬ್ಲೂಸ್, ಅಂದರೆ ಕಪ್ಪು ಜನರ ಲೌಕಿಕ ಹಾಡು, ಹಾಡುವುದಿಲ್ಲ ಅಂದವರು. ಅವರ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಒಬ್ಬರು ತಮಗಾಗಿ ಹಾಕಿಕೊಂಡ ವ್ರತ ಅದು. ಅದನ್ನು ಇನ್ನೊಬ್ಬರ ಕೊರಳಿಗೆ ಕಟ್ಟಿದರೆ ಮಾತ್ರ ತಪ್ಪು.

ಸರಿ, ಈ ಗಾಸ್ಪೆಲ್ ಅನ್ನುವುದು ಎಲ್ಲಿಂದ ಬಂತು? ಇದನ್ನು ಕೇಳಿದರೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಡ. ಥಾಮಸ್ ಡಾರ್ಸಿ ಅಂತ ಒಬ್ಬರು. ಗಾಸ್ಪೆಲ್ ಸಂಗೀತದ ಪಿತಾಮಹ ಅನ್ನುತ್ತಾರೆ. ಅವರು ಮೊದಲು ಬ್ಲೂಸ್ ಪಿಯಾನೋ ವಾದಕ. ‘ಜಾರ್ಜಿಯಾ ಟಾಮ್’ ಅನ್ನುವ ಹೆಸರಿನಲ್ಲಿ, ಬ್ಲೂಸ್ ಗಾಯಕಿ ಮಾ ರೇನಿ ಜೊತೆ ಊರೂರು ತಿರುಗಿ ನುಡಿಸುತ್ತಿದ್ದವರು. ಪೋಲಿ ಹಾಡುಗಳನ್ನೂ ಕಟ್ಟಿದ್ದರು. 1932ರ ಆಗಸ್ಟ್. ತುಂಬು ಬಸುರಿ ಹೆಂಡತಿಯನ್ನು ಷಿಕಾಗೋದಲ್ಲಿ ಬಿಟ್ಟು, ಹಾಡಲು ಸೇಂಟ್ ಲೂಯಿಸ್‌ಗೆ ಹೋಗಿದ್ದರು. ಅಲ್ಲಿಗೆ ಟೆಲಿಗ್ರಾಂ ಬಂತು. ಹೆರಿಗೆಯಲ್ಲಿ ಹೆಂಡತಿ ತೀರಿಹೋದಳು. ಮಗುವೂ ಉಳಿಯಲಿಲ್ಲ. ಕೆಲವು ದಿನ ಕಳೆದ ಮೇಲೆ ಪಿಯಾನೋ ಮುಂದೆ ಕೂತಾಗ ಹಳೆಯ ಕೀರ್ತನೆಯೊಂದರ ಧಾಟಿ ಬೆರಳಿಗೆ ಬಂತು. ಅದರ ಮೇಲೆ ಹೊಸ ಮಾತು ಬಂತು. ಒಡೆಯನೇ, ನನ್ನ ಕೈ ಹಿಡಿ, ನನಗೆ ಸುಸ್ತಾಗಿದೆ ಅನ್ನುವ ಅರ್ಥದ ಮಾತು. ‘ಪ್ರೆಷಸ್ ಲಾರ್ಡ್’ ಹುಟ್ಟಿದ್ದು ಹಾಗೆ. ಬ್ಲೂಸ್ ನುಡಿಸಿದ ಬೆರಳುಗಳೇ ಇದನ್ನೂ ನುಡಿಸಿದವು. ಬೆರಳು ಬದಲಾಯಿಸಿಕೊಂಡು ಬರಲು ಆಗುತ್ತದಾ?

ಡಾರ್ಸಿ ಅವರ ಚರ್ಚಿನಲ್ಲಿ ಹಾಡುತ್ತಾ ಬೆಳೆದ ಹುಡುಗ ಈ ಜೇಮ್ಸ್ ಕ್ಲೀವ್‌ಲ್ಯಾಂಡ್. ಕ್ಲೀವ್‌ಲ್ಯಾಂಡ್ ಪಕ್ಕ ಕೂತು ಬೆಳೆದ ಹುಡುಗಿ ಅರೀಥಾ. ನಮ್ಮ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘರಾಣೆ ಅಂದರೆ ಏನು ಅಂತ ನಿಮಗೆ ಗೊತ್ತು.

ಈಗ ಕೇಳಿ. ಅರೀಥಾ ಇಲ್ಲಿ ‘ಪ್ರೆಷಸ್ ಲಾರ್ಡ್’ ಒಂದನ್ನೇ ಹಾಡುವುದಿಲ್ಲ. ಕ್ಯಾರೊಲ್ ಕಿಂಗ್ ಬರೆದ, ಆಗಷ್ಟೇ ರೇಡಿಯೋದಲ್ಲಿ ಎಲ್ಲೆಲ್ಲೂ ಕೇಳುತ್ತಿದ್ದ ‘ಯೂ ಹ್ಯಾವ್ ಗಾಟ್ ಎ ಫ್ರೆಂಡ್’ ಇದೆಯಲ್ಲ, ಅದರ ಜೊತೆ ಹೆಣೆದು ಹಾಡುತ್ತಾರೆ. ಒಂದು ಕೀರ್ತನೆ, ಒಂದು ಪಾಪ್ ಹಾಡು. ಎಲ್ಲಿ ಹೊಲಿಗೆ ಇದೆ ಅಂತ ಹುಡುಕಿ ನೋಡಿ.

(ಹಾಡು ಕೇಳಿಸಲಾಯಿತು.)

ಸಿಕ್ಕಿತಾ ಹೊಲಿಗೆ? ನನಗಂತೂ ಇವತ್ತಿನವರೆಗೆ ಸಿಕ್ಕಿಲ್ಲ. ಕರೆದರೆ ಬರುವ ಗೆಳೆಯ ಅಂತ ಪಾಪ್ ಹಾಡು ಹೇಳಿದ್ದು ಮನುಷ್ಯರ ಬಗ್ಗೆ. ಆ ಚರ್ಚಿನಲ್ಲಿ ಅದೇ ಮಾತು ಯೇಸುವಿನ ಬಗ್ಗೆ ಆಗಿಬಿಡುತ್ತದೆ. ಮಾತು ಅಷ್ಟೇನೂ ಬದಲಾಗಿಲ್ಲ. ಹಾಡುವ ಜಾಗ ಬದಲಾಯಿತು, ಸುತ್ತ ಕೂತ ಜನ ಬದಲಾದರು.

ಸುತ್ತ ಕೂತ ಜನ ಅಂದೆನಲ್ಲ, ಇದು ನಾನು ಹೇಳಬೇಕಾದ ಇನ್ನೊಂದು ಮುಖ್ಯ ಮಾತು. ಈ ರೆಕಾರ್ಡನ್ನು ಸ್ಟುಡಿಯೋದಲ್ಲಿ ಮಾಡಬಹುದಾಗಿತ್ತು. ಅಟ್ಲಾಂಟಿಕ್ ಕಂಪನಿಯ ಬಳಿ ಏನು ಕಮ್ಮಿ ಇತ್ತು? ಆದರೆ ಜನ ಇರುವ ಚರ್ಚಿನಲ್ಲೇ ಹಾಡಬೇಕು ಅಂತ ತೀರ್ಮಾನವಾಯಿತು. ಯಾಕೆಂದರೆ ಈ ಹಾಡು ಒಬ್ಬರದ್ದಲ್ಲ. ಅರೀಥಾ ಒಂದು ಸಾಲು ಎತ್ತುತ್ತಾರೆ. ಕೆಳಗಿನಿಂದ ಯಾರೋ ‘ಹಾಡಮ್ಮ’ ಅನ್ನುವ ಹಾಗೆ ಕೂಗುತ್ತಾರೆ. ಆ ಕೂಗು ಕೇಳಿದ ಮೇಲೆ ಮುಂದಿನ ಸಾಲು ಬೇರೆ ಥರ ಬರುತ್ತದೆ. ನಮ್ಮಲ್ಲೂ ಬೈಠಕ್‌ನಲ್ಲಿ ಹಾಗೇ ಅಲ್ವಾ? ಸರಿಯಾದ ಜಾಗದಲ್ಲಿ ಒಂದು ‘ವಾಹ್’ ಬಿದ್ದರೆ ಗಾಯಕರು ಇನ್ನೊಂದು ಮೆಟ್ಟಿಲು ಹತ್ತುತ್ತಾರೆ.

ನನಗೆ ಇದನ್ನು ಕಲಿಸಿದ್ದು ನಮ್ಮ ಅಜ್ಜಿ. ಸ್ವಲ್ಪ ಈ ಕಥೆ ಹೇಳಲು ಬಿಡಿ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಕೀರ್ತನೆ ಪುಸ್ತಕದ ನೂರಾರು ಹಾಡು ಬಾಯಿಪಾಠ. ‘ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್’ ಅನ್ನುವ ಹಾಡಿನ ಕನ್ನಡ ರೂಪ ಅಂದರೆ ಅವಳಿಗೆ ಪ್ರಾಣ. ಅದು ಪರದೇಶದ ಹಾಡು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಸತ್ತವರ ಮನೆಯಲ್ಲಿ ರಾತ್ರಿ ಜಾಗರಣೆ ಕೂತಾಗ ಅಜ್ಜಿಯೇ ಮುಂದಾಳು. ಅಲ್ಲಿ ಪುಸ್ತಕ ಇರುತ್ತಿರಲಿಲ್ಲ. ಇದ್ದರೂ ಕಂದೀಲಿನ ಬೆಳಕಲ್ಲಿ ಓದುವವರು ಯಾರು? ಅಜ್ಜಿ ಅನ್ನುತ್ತಿದ್ದಳು, ‘ನಾ ಒಂದ್ ಸಾಲ ಹೇಳ್ತೀನಿ, ನೀವೆಲ್ಲಾ ಅದನ್ನ ಎಳದು ಹಾಡ್ರಿ.’ ಅವಳು ಸಾಲನ್ನು ಸರಸರ ಹೇಳುತ್ತಿದ್ದಳು. ಮನೆ ತುಂಬ ಕೂತವರು ಅದನ್ನೇ ನಿಧಾನಕ್ಕೆ ಎಳೆದು ಎಳೆದು ಹಾಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಕಡೆ ತಿರುವು ಹಾಕುತ್ತಿದ್ದರು. ಯಾರದ್ದೂ ಒಂದೇ ಥರ ಇರುತ್ತಿರಲಿಲ್ಲ. ಆದರೂ ಎಲ್ಲಾ ಸೇರಿ ಒಂದು ದೊಡ್ಡ ದನಿ ಆಗುತ್ತಿತ್ತು. ನಾನು ಅವಳ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದೆ. ಅವಳು ಉಸಿರು ತಗೊಳ್ಳುವುದು ನನ್ನ ಕೆನ್ನೆಗೆ ಗೊತ್ತಾಗುತ್ತಿತ್ತು.

ಎಷ್ಟೋ ವರ್ಷ ಆದ ಮೇಲೆ ಓದಿ ತಿಳಿಯಿತು. ಅಮೆರಿಕದ ಕಪ್ಪು ಜನರ ಚರ್ಚ್‌ಗಳಲ್ಲಿ ಇದೇ ಪದ್ಧತಿ ಇತ್ತು. ಗುಲಾಮಗಿರಿಯ ಕಾಲದಲ್ಲಿ ಅವರಿಗೆ ಓದು ಕಲಿಸುವುದೇ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಹಾಗಾಗಿ ಒಬ್ಬರು ಸಾಲು ಹೇಳಿಕೊಡುವುದು, ಉಳಿದವರು ಎಳೆದು ಹಾಡುವುದು. ಪದ್ಧತಿ ಮೊದಲು ಬ್ರಿಟನ್ನಿನ ಚರ್ಚ್‌ಗಳದ್ದು. ಆದರೆ ಅದರೊಳಗೆ ಉಸಿರು ತುಂಬಿದ್ದು ಈ ಜನ. ಅರೀಥಾ ‘ಅಮೇಜಿಂಗ್ ಗ್ರೇಸ್’ ಹಾಡನ್ನು ಹಾಡುವಾಗ ನನಗೆ ಕೇಳುವುದು ಅದೇ. ತಾಳ ಇಲ್ಲ. ಡ್ರಮ್ ಸುಮ್ಮನಿದೆ. ಒಂದೊಂದು ಅಕ್ಷರವನ್ನೂ ಆಲಾಪದ ಹಾಗೆ ಎಳೆದು, ಬಾಗಿಸಿ, ಮೇಲಕ್ಕೆ ಒಯ್ದು ಇಳಿಸುತ್ತಾರೆ. ಹನ್ನೊಂದು ನಿಮಿಷಕ್ಕೆ ಹತ್ತಿರ ಹಾಡುತ್ತಾರೆ. ಅಷ್ಟು ಹೊತ್ತಿನಲ್ಲಿ ಹಾಡಿದ ಸಾಲುಗಳು ಕೆಲವೇ.

ಈ ಹಾಡು ಬರೆದವನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜಾನ್ ನ್ಯೂಟನ್, ಇಂಗ್ಲೆಂಡಿನವನು. ಆಫ್ರಿಕದ ಜನರನ್ನು ಸರಪಳಿ ಹಾಕಿ ಸಾಗಿಸುವ ಹಡಗಿನಲ್ಲಿ ದುಡಿದವನು. 1748ರಲ್ಲಿ ಬಿರುಗಾಳಿಗೆ ಸಿಕ್ಕಾಗ ದೇವರನ್ನು ಕರೆದ. ಬದುಕಿ ಉಳಿದ. ಆಮೇಲೆ ಆ ದಂಧೆ ಬಿಟ್ಟನಾ? ಇಲ್ಲ. ಅಂಥದೇ ಹಡಗಿಗೆ ಕಪ್ತಾನನಾದ. 1754ರವರೆಗೆ ಅದೇ ಕೆಲಸ ಮಾಡಿದ. ಕಾಯಿಲೆ ಬಂದು ಸಮುದ್ರ ಬಿಟ್ಟ. ಕೊನೆಗೆ ಓಲ್ನಿ ಅನ್ನುವ ಸಣ್ಣ ಊರಿನಲ್ಲಿ ಪಾದ್ರಿಯಾದ. 1773ರ ಹೊಸ ವರ್ಷದ ದಿನ ಅಲ್ಲಿನ ಬಡ ಜನರಿಗೆ ಈ ಹಾಡು ಕೊಟ್ಟ. ಗುಲಾಮರ ವ್ಯಾಪಾರದ ವಿರುದ್ಧ ಬಾಯಿಬಿಟ್ಟು ಬರೆದದ್ದು ಇನ್ನೂ ಹದಿನೈದು ವರ್ಷ ಆದ ಮೇಲೆ, 1788ರಲ್ಲಿ. ಒಂದು ಬಿರುಗಾಳಿಯಲ್ಲಿ ಮನುಷ್ಯ ಪೂರ್ತಿ ಬದಲಾದ ಅಂತ ಪ್ರಸಂಗಗಳಲ್ಲಿ ಹೇಳುತ್ತಾರೆ. ಹಾಗಲ್ಲ. ನಲವತ್ತು ವರ್ಷ ಹಿಡಿಯಿತು. ನಾವೀಗ ಹಾಡುವ ಧಾಟಿ ಈ ಮಾತುಗಳ ಜೊತೆ ಸೇರಿದ್ದು ಅಮೆರಿಕದಲ್ಲಿ, 1835ರಲ್ಲಿ.

ಅವನ ಹಡಗಿನ ತಳದಲ್ಲಿ ಸರಪಳಿಯಲ್ಲಿ ಬಿದ್ದಿದ್ದಂಥ ಜನರ ಮೊಮ್ಮಕ್ಕಳು ಅವನ ಹಾಡನ್ನು ತಮ್ಮದು ಮಾಡಿಕೊಂಡರು. ಈ ಮಾತು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಯಾರ ಬಾಯಿ ಯಾವ ಹಾಡಿಗೆ ಯೋಗ್ಯ ಅಂತ ನೋಡುವುದಾದರೆ ಈ ಹಾಡು ಬರೆದವನನ್ನೇ ಮೊದಲು ಹೊರಗೆ ಕಳಿಸಬೇಕಾಗುತ್ತದೆ. ಹಾಗೆ ಮಾಡಿದರೆ ಕೃಪೆ ಅನ್ನುವ ಮಾತಿಗೆ ಏನು ಅರ್ಥ ಉಳಿಯಿತು? ಆರ್ಕೆಸ್ಟ್ರಾದಲ್ಲಿ ಹಾಡಿ ಫೀಸು ಕಟ್ಟುವ ಹುಡುಗಿಯನ್ನು ತಡೆಯುವವರು ಭಾನುವಾರ ಕಣ್ಣುಮುಚ್ಚಿ ಇದೇ ಹಾಡು ಹಾಡುತ್ತಾರೆ.

(‘ಅಮೇಜಿಂಗ್ ಗ್ರೇಸ್’ ಕೇಳಿಸಲಾಯಿತು.)

ನೀವು ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಅದು ಸರಿ ಅನ್ನಿಸಿತು. ಇದನ್ನು ಹಾಡುವ ಹೊತ್ತಿನಲ್ಲಿ ಆ ಚರ್ಚಿನಲ್ಲಿ ಏನಾಯಿತು ಅಂತ ಆ ರಾತ್ರಿಗಳ ಸಿನಿಮಾದಲ್ಲಿ ಕಾಣುತ್ತದೆ. ಜೇಮ್ಸ್ ಕ್ಲೀವ್‌ಲ್ಯಾಂಡ್, ಅಷ್ಟು ದೊಡ್ಡ ಗುರು, ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡು ಅಳುತ್ತಾರೆ. ಕಾಯರಿನವರು ಹಾಡಲು ನಿಂತವರು, ಅವರೂ ಕಣ್ಣು ಒರೆಸಿಕೊಳ್ಳುತ್ತಾ ಅರೀಥಾಗೆ ಕೂಗಿ ಧೈರ್ಯ ಹೇಳುತ್ತಾರೆ. ಅರೀಥಾ ಮಾತ್ರ ಕಣ್ಣುಮುಚ್ಚಿ ಹಾಡುತ್ತಲೇ ಇರುತ್ತಾರೆ. ಆ ಎರಡು ರಾತ್ರಿ ಆಕೆ ಮಾತಾಡಿದ್ದು ತೀರಾ ಕಮ್ಮಿ. ಮಾತೆಲ್ಲ ಬೇರೆಯವರದ್ದು. ಆಕೆಯದ್ದು ಹಾಡು ಮಾತ್ರ.

ಸಿನಿಮಾ ಅಂದೆನಲ್ಲ. ಸಿಡ್ನಿ ಪೊಲಾಕ್ ಅನ್ನುವ ನಿರ್ದೇಶಕರು ಆ ಎರಡು ರಾತ್ರಿಯನ್ನೂ ಚಿತ್ರೀಕರಿಸಿದ್ದರು. ಹಲವು ಕ್ಯಾಮೆರಾ ಇಟ್ಟಿದ್ದರು. ಆದರೆ ಒಂದೊಂದು ತುಣುಕಿನ ಶುರುವಿನಲ್ಲಿ ಹೊಡೆಯಬೇಕಾದ ಕ್ಲ್ಯಾಪ್ ಹೊಡೆಯಲಿಲ್ಲ. ಹಾಗಾಗಿ ಚಿತ್ರ ಒಂದು ಕಡೆ, ದನಿ ಒಂದು ಕಡೆ ಆಯಿತು. ಎರಡನ್ನೂ ಹೊಂದಿಸಲು ಆಗಲಿಲ್ಲ. ಡಬ್ಬಿಗಳು ಗೋದಾಮಿನಲ್ಲಿ ಕೂತವು. ಪೊಲಾಕ್ 2008ರಲ್ಲಿ ತೀರಿಕೊಂಡರು. ಅಲನ್ ಎಲಿಯಟ್ ಅನ್ನುವವರು ಕಂಪ್ಯೂಟರ್ ಸಹಾಯದಿಂದ ತುಟಿಗೂ ದನಿಗೂ ಜೋಡಿ ಮಾಡಿಸಿದರು. ಆಮೇಲೆ ಅರೀಥಾ ಅವರೇ ಕೋರ್ಟಿಗೆ ಹೋಗಿ ಪ್ರದರ್ಶನ ತಡೆದರು. ಆಕೆ ತೀರಿಕೊಂಡದ್ದು 2018ರ ಆಗಸ್ಟ್ 16. ಮನೆಯವರು ಒಪ್ಪಿಗೆ ಕೊಟ್ಟ ಮೇಲೆ ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಪ್ರದರ್ಶನ ಆಯಿತು. 46 ವರ್ಷ! ಟಾಕೀಸು ಚರ್ಚ್ ಆಗಿತ್ತು. ಈಗ ಆ ಚರ್ಚ್ ತಿರುಗಿ ಟಾಕೀಸಿನ ಪರದೆಯ ಮೇಲೆ ಬಂತು. ಟಾಕೀಸಿನಲ್ಲಿ ಕೂತವರೂ ಅತ್ತರು.

ಆ ಸಿನಿಮಾದಲ್ಲಿ ಇನ್ನಿಬ್ಬರನ್ನು ನೋಡಬೇಕು. ಮುಂದಿನ ಸಾಲಿನಲ್ಲಿ ತಂದೆಯ ಹತ್ತಿರ ಗಾಸ್ಪೆಲ್ ಹಾಡುಗಾರ್ತಿ ಕ್ಲಾರಾ ವಾರ್ಡ್ ಕೂತಿದ್ದಾರೆ. ಅರೀಥಾ ಸಣ್ಣವರಿದ್ದಾಗ ಮನೆಯಲ್ಲಿ ಒಂದು ಸಾವಾಯಿತು. ಕ್ಲಾರಾ ಅಲ್ಲಿ ಹಾಡಲು ಬಂದಿದ್ದರು. ಹಾಡುತ್ತಾ ಹಾಡುತ್ತಾ ಆವೇಶ ಬಂದು ತಲೆಯ ಮೇಲಿನ ಹ್ಯಾಟ್ ತೆಗೆದು ನೆಲಕ್ಕೆ ಎಸೆದರಂತೆ. ನಾನು ಹಾಡುಗಾರ್ತಿ ಆಗಬೇಕು ಅಂತ ಅನ್ನಿಸಿದ್ದು ಆ ಕ್ಷಣದಲ್ಲಿ ಅಂತ ಅರೀಥಾ ಹೇಳಿಕೊಂಡಿದ್ದಾರೆ. ನನಗೆ ಆ ಹ್ಯಾಟ್ ಮೇಲೆ ಬಹಳ ಗೌರವ! ಇನ್ನೊಬ್ಬರು ಮಿಕ್ ಜ್ಯಾಗರ್, ರೋಲಿಂಗ್ ಸ್ಟೋನ್ಸ್ ತಂಡದವರು. ಎರಡನೇ ರಾತ್ರಿ ಹಿಂದುಗಡೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಅವರನ್ನು ಯಾರೂ ಹೊರಗೆ ಕಳಿಸಲಿಲ್ಲ, ನೋಡಿ.

ಚೀಟಿ ಬಂತು. ಇನ್ನು ಹತ್ತು ನಿಮಿಷ ಅಂತ ಬರೆದಿದ್ದಾರೆ. ನನ್ನ ಹಾಳೆಯಲ್ಲಿ ಇನ್ನೂ ಐದಾರು ವಿಷಯ ಇವೆ. ಬೇಗ ಹೇಳಿಬಿಡುತ್ತೇನೆ.

‘ಮೇರಿ ಡೋಂಟ್ ಯೂ ವೀಪ್’ ಕೇಳಿಸಬೇಕು ಅಂತಿದ್ದೆ. ಆಗುವುದಿಲ್ಲ. ಮನೆಗೆ ಹೋಗಿ ಕೇಳಿ. ಗುಲಾಮಗಿರಿಯ ಕಾಲದ ಹಾಡು. ಫರೋಹನ ಸೈನ್ಯ ಮುಳುಗಿತು, ಅಳಬೇಡ ಮರಿಯಾ ಅನ್ನುತ್ತದೆ. ಫರೋಹ ಅಂದರೆ ಬೈಬಲ್‌ನಲ್ಲಿ ಇಸ್ರಾಯೇಲ್ ಜನರನ್ನು ಗುಲಾಮರಾಗಿ ಇಟ್ಟಿದ್ದ ಈಜಿಪ್ಟಿನ ದೊರೆ. ಹೊಲದಲ್ಲಿ ಮೇಸ್ತ್ರಿಯ ಚಾಟಿ ಕೆಳಗೆ ದುಡಿಯುವವರು ಇದನ್ನು ಹಾಡಿದಾಗ ಫರೋಹ ಯಾರು ಅಂತ ಹಾಡುವವರಿಗೂ ಗೊತ್ತಿತ್ತು. ಇದರಲ್ಲಿ ಅರೀಥಾ, ಸತ್ತ ಮೇಲೆ ಯೇಸು ಎಬ್ಬಿಸಿದ ಲಾಜರನನ್ನು ಹೆಸರು ಹಿಡಿದು ಕರೆಯುವ ಜಾಗ ಬರುತ್ತದೆ. ಕಾಯರ್ ಜೊತೆಗೂಡುತ್ತದೆ. ದೊಡ್ಡಾಟದಲ್ಲಿ ಪಾತ್ರ ಎದ್ದು ಬರುವ ಹೊತ್ತಿನ ರೋಮಾಂಚನ ಇದೆ ಅದರಲ್ಲಿ.

ವಾದ್ಯದವರು. ಗಿಟಾರ್ ಕಾರ್ನೆಲ್ ಡುಪ್ರಿ, ಬೇಸ್ ಚಕ್ ರೇನಿ, ಡ್ರಮ್ಸ್ ಬರ್ನಾರ್ಡ್ ಪರ್ಡಿ. ಮೂವರೂ ಸೋಲ್ ಹಾಡುಗಳಿಗೆ ನುಡಿಸುತ್ತಿದ್ದವರು. ಅವರೇ ಬಂದು ಚರ್ಚಿನಲ್ಲಿ ಕೂತು ನುಡಿಸಿದರು. ವಾದ್ಯವೂ ಒಂದೇ.

ಮಾರಾಟ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕದಲ್ಲೇ 20 ಲಕ್ಷ ದಾಟಿತು. ಆಕೆಯ ಎಲ್ಲ ಆಲ್ಬಮ್‌ಗಳಲ್ಲಿ ಇದೇ ಜಾಸ್ತಿ ಮಾರಾಟವಾದದ್ದು. ಗ್ರ್ಯಾಮಿ ಪ್ರಶಸ್ತಿಯೂ ಬಂತು. ಲಾಂಡ್ರಿಯ ಆ ಹೆಂಗಸೂ ಒಂದು ಕೊಂಡಿರಬೇಕು ಅಂತ ನನಗೆ ಆಸೆ.

ಮಹಾಲಿಯಾ ಜಾಕ್ಸನ್. ಈ ಎರಡು ರಾತ್ರಿ ಕಳೆದು ಎರಡು ವಾರಕ್ಕೆ, ಜನವರಿ 27ರಂದು ಅವರು ತೀರಿಹೋದರು. ಷಿಕಾಗೋದಲ್ಲಿ ಅವರ ಅಂತ್ಯಕ್ರಿಯೆ. ಅಲ್ಲಿ ‘ಪ್ರೆಷಸ್ ಲಾರ್ಡ್’ ಹಾಡಿದವರು ಯಾರು? ಅರೀಥಾ. ಮಾರ್ಟಿನ್ ಲೂಥರ್ ಕಿಂಗ್ ಸತ್ತಾಗ ಅದೇ ಹಾಡನ್ನು ಮಹಾಲಿಯಾ ಹಾಡಿದ್ದರು. ಬ್ಲೂಸ್ ಮುಟ್ಟುವುದಿಲ್ಲ ಅಂದಿದ್ದ ಆ ತಾಯಿಯ ಶವಪೆಟ್ಟಿಗೆಯ ಮುಂದೆ, ಬ್ಲೂಸ್ ಹಾಡಿದ ಮಗಳು ನಿಂತು ಹಾಡಿದಳು. ಬೇಡ ಅಂತ ಅಲ್ಲಿ ಯಾರು ಅನ್ನುತ್ತಿದ್ದರು?

ನಮ್ಮ ಮಲ್ಲಿಕಾರ್ಜುನ ಮನ್ಸೂರರ ವಿಷಯ ಬರೆದುಕೊಂಡಿದ್ದೆ. ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿ ಹಾಡಿದವರು. ಆಮೇಲೆ ಅವರ ಬಾಯಲ್ಲಿ ವಚನ ಕೇಳಿ ಈ ಊರು ಕಣ್ಣೀರು ಹಾಕಿತು. ಭೀಮಸೇನ ಜೋಶಿಯವರ ದಾಸವಾಣಿ ಕೂಡ. ಈ ಹಾಲ್‌ನಲ್ಲಿ ನನಗಿಂತ ಚೆನ್ನಾಗಿ ಅದನ್ನು ಹೇಳುವವರು ಇದ್ದೀರಿ. ನಾನು ಬಿಡುತ್ತೇನೆ.

ಕೊನೆಯದು, ‘ನೆವರ್ ಗ್ರೋ ಓಲ್ಡ್’. ಮುಪ್ಪಿಲ್ಲದ ನಾಡಿನ ಹಾಡು. ಅರೀಥಾ ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ, 1956ರಲ್ಲಿ, ತಂದೆಯ ಚರ್ಚಿನಲ್ಲಿ ಇದನ್ನು ಹಾಡಿದ್ದರು. ಅದರ ರೆಕಾರ್ಡಿಂಗ್ ಇದೆ. ತಾಯಿ ಅಷ್ಟರಲ್ಲಾಗಲೇ ಇರಲಿಲ್ಲ. ಆ ಪುಟ್ಟ ಹುಡುಗಿಯ ದನಿ ಕೇಳಿದರೆ ಇಷ್ಟು ಸಣ್ಣ ಎದೆಯಲ್ಲಿ ಇದೆಲ್ಲ ಎಲ್ಲಿತ್ತು ಅನ್ನಿಸುತ್ತದೆ. 1972ರ ಎರಡನೇ ರಾತ್ರಿ ಪಿಯಾನೋ ಮುಂದೆ ಕೂತು ಮತ್ತೆ ಅದನ್ನೇ ಹಾಡುತ್ತಾರೆ. ಮುಖದಲ್ಲಿ ಬೆವರು ಇಳಿಯುತ್ತಿದೆ. ಕೈ ಎರಡೂ ಪಿಯಾನೋ ಮೇಲೆ. ಒರೆಸಿಕೊಳ್ಳಲು ಆಗುವುದಿಲ್ಲ. ಆಗ ತಂದೆ ಎದ್ದು ಬರುತ್ತಾರೆ. ಬಟ್ಟೆ ತಗೊಂಡು ಮಗಳ ಮುಖ ಒರೆಸುತ್ತಾರೆ. ಮಗಳು ಹಾಡು ನಿಲ್ಲಿಸುವುದಿಲ್ಲ. ಅವರೂ ಅವಸರ ಮಾಡುವುದಿಲ್ಲ. ಹಣೆ, ಕೆನ್ನೆ, ಕತ್ತು. ಚಿಕ್ಕ ಮಗುವಿಗೆ ಒರೆಸುವ ಹಾಗೆ.

ಎರಡನ್ನೂ ಒಂದರ ಹಿಂದೆ ಒಂದು ಹಾಕುತ್ತೇವೆ. ಮೊದಲು 1956, ಆಮೇಲೆ 1972. ನಾನು ಹೇಳಿದ ಹುಡುಗಿ ಇವತ್ತು ಇಲ್ಲೇ ಬಂದಿದ್ದಾಳೆ, ಹಿಂದೆ ಕಿಟಕಿ ಪಕ್ಕ ಕೂತಿದ್ದಾಳೆ. ನಿನ್ನ ಹೆಸರು ಹೇಳುವುದಿಲ್ಲಮ್ಮ, ಹೆದರಬೇಡ. ಶನಿವಾರ ಸಂಜೆ ಐದೂವರೆಗೆ ನಮ್ಮ ಕಾಯರ್ ಪ್ರಾಕ್ಟೀಸ್ ಇದೆ. ಮೇಲಿನ ಸ್ವರಕ್ಕೆ ಒಬ್ಬರು ಕಮ್ಮಿ ಇದ್ದಾರೆ. ಆರ್ಕೆಸ್ಟ್ರಾ ಇದ್ದ ದಿನ ಬರಬೇಡ, ಉಳಿದ ದಿನ ಬಾ.

ಫ್ಯಾನ್ ಸ್ವಲ್ಪ ನಿಲ್ಲಿಸಿ, ಸದ್ದು ಬರುತ್ತಿದೆ. ಹಾಂ, ಈಗ ಹಾಕಪ್ಪ.